ಕಾಶಿರಾಮ ಬರೆದ ಬೆಳ್ಳಿ ಕಣ್ಣು

ಹುಮನಾಬಾದಿನ ನಮ್ಮ ಬಟ್ಟೆ ಅಂಗಡಿಯ ನೆತ್ತಿಯ ಮೇಲೆ ಒಂದು ಬೋರ್ಡು ಇತ್ತು. ಎಡಕ್ಕೆ ಇಳಕಲ್ಲ ಸೀರೆಯ ಮಡಿಕೆಗಳು, ನಡುವೆ ಧೋತರದ ಕಟ್ಟು, ಬಲಕ್ಕೆ ಒಂದು ಕರಿ ಛತ್ರಿ. ಸೀರೆಗಳು ಎಷ್ಟು ನಿಜವಾಗಿದ್ದವೆಂದರೆ ಬೇಮಳಖೇಡದಿಂದ ಸಂತೆಗೆ ಬಂದ ಹೆಣ್ಣುಮಕ್ಕಳು ಒಳಗೆ ಕೂತು, "ಇವಲ್ರಿ, ಮ್ಯಾಲಿಂದು ಇಳಸ್ರಿ, ಎರಡನೇದು, ಕೆಂಪ ಸೆರಗಿಂದು" ಎಂದು ಹಟ ಹಿಡಿಯುತ್ತಿದ್ದರು. ಛತ್ರಿಯೂ ಅಷ್ಟೇ ನಿಜ. ಹಿಡಿಕೆಯ ಬೆತ್ತದ ಗಂಟು, ಕಡ್ಡಿಯ ತುದಿಗೆ ಹಾಕಿದ ದಾರದ ಹೊಲಿಗೆ, ಎಲ್ಲ ಕಾಣುತ್ತಿತ್ತು. ಆದರೆ ಅದಕ್ಕೆ ಎರಡು ಕೋಳಿಕಾಲುಗಳಿದ್ದವು. ಆ ಕಾಲೆತ್ತಿ ಛತ್ರಿ ಬೋರ್ಡಿನಿಂದ ಆಚೆ ಓಡಿಹೋಗುತ್ತಿತ್ತು.

ಇದನ್ನು ಬರೆದವನು ಕಲ್ಯಾಣಿಯ ಪೇಂಟರ್ ಕಾಶಿರಾಮ. ಈಗ ಬಸವಕಲ್ಯಾಣ ಅನ್ನುತ್ತೇವಲ್ಲ, ಆಗ ಎಲ್ಲರ ಬಾಯಲ್ಲೂ ಅದು ಬರೀ ಕಲ್ಯಾಣಿ. ನಿಜಾಮರ ಸರ್ಕಾರ ನಡೆಯುತ್ತಿದ್ದ ಕಾಲ. ನಾನು ಆಗಲೇ ಹಣದ ಗಲ್ಲೆಯ ಮುಂದೆ ಕೂತು ನಷ್ಟ ಮಾಡುವಷ್ಟು ದೊಡ್ಡವನಾಗಿದ್ದೆ. ಆದ್ದರಿಂದ ಆ ಕಾಲು ಹುಟ್ಟಿದ ಗಳಿಗೆಯನ್ನು ಕಣ್ಣಾರೆ ಕಂಡವರಲ್ಲಿ ನಾನೊಬ್ಬ.

ನಮ್ಮ ತಂದೆ ಮಹಾರುದ್ರಪ್ಪನವರು ಬೋರ್ಡಿನಲ್ಲಿ ಏನೇನಿರಬೇಕೆಂದು ಹೇಳಿ, ಕೊನೆಗೆ ಒಂದು ಛತ್ರಿಯೂ ಇರಲಿ ಎಂದರು. ಕಾಶಿರಾಮ ಅಂಗಡಿಯೊಳಗೆಲ್ಲ ಕಣ್ಣಾಡಿಸಿದ.

"ಛತ್ರಿ ಎಲ್ಲವರೀ ಸಾವ್ಕಾರ್ರ?"

"ಮುಂದಿನ ಮಳಿಗಾಲಕ್ಕ ತರಸ್ತೀನಿ. ನೀ ಬರಿ."

"ಇಲ್ಲದ್ದು ಅದ ಅಂತ ಹ್ಯಾಂಗ ಬರೀಲ್ರಿ?"

ಕಾಶಿರಾಮ ಮಾಳಕರಿ. ಪಂಢರಪುರಕ್ಕೆ ಹೋಗಿ ತುಳಸಿಮಾಲೆ ಹಾಕಿಸಿಕೊಂಡು, ಮಾಂಸ ಮುಟ್ಟುವುದಿಲ್ಲ, ಸುಳ್ಳಾಡುವುದಿಲ್ಲ ಎಂದು ಮಾತು ಕೊಟ್ಟು ಬಂದವನು. ಹಾಗೆ ಮಾತು ಕೊಟ್ಟವರು ನಮ್ಮ ಕಡೆ ಬೇಕಾದಷ್ಟು ಮಂದಿ ಇದ್ದರು. ಮಾಂಸದ ಮಾತನ್ನಂತೂ ಎಲ್ಲರೂ ನಡೆಸುತ್ತಿದ್ದರು.

ನಮ್ಮ ತಂದೆ ನಕ್ಕರು. "ಅಲ್ಲೋ ಕಾಶಿರಾಮ, ಸುಳ್ಳ ಹೇಳಬ್ಯಾಡ ಅಂತ ಮಾಲಿ ಹಾಕಿದವರು ಬಾಯಿಗಿ ಅಂದಾರ. ಕೈಗಿ ಅಂದಿಲ್ಲಲ್ಲ?"

"ಕೈ ಏನ ಮಂದೀದಾ ಅದೇನ್ರಿ?"

ಎರಡು ದಿನ ಬಿಟ್ಟು ಬೋರ್ಡು ಬಂತು. ಬಟ್ಟೆ ಸರಿಸಿ ನೋಡಿದರೆ ಛತ್ರಿಗೆ ಕಾಲು. ನಮ್ಮ ತಂದೆಗೆ ಉಸಿರು ಮೇಲಕ್ಕೆ ಹೋದದ್ದು ಕೆಳಗೆ ಬರಲೊಲ್ಲದು. ಕಾಶಿರಾಮ ಕೈ ಮುಗಿದು, "ಛತ್ರಿ ಬಂದ ದಿನ ಹೇಳಿ ಕಳಸ್ರಿ ಸಾವ್ಕಾರ್ರ, ಬಂದು ಕಾಲ ಅಳಸ್ತೀನಿ" ಎಂದ.

ಛತ್ರಿ ಬರಲಿಲ್ಲ. ಕಾಲು ಉಳಿಯಿತು. ಮುಂದೆ ಅಂಗಡಿ ನನ್ನ ಕೈಗೆ ಬಂದ ಮೇಲಂತೂ ಸೀರೆಗಳಿಗೂ ಕಾಲು ಬರೆಸಬೇಕಾದ ಸ್ಥಿತಿ ಬಂತು. ಅದು ಬೇರೆ ಮಾತು.

ಈ ಒಂದು ನೇಮವನ್ನು ಕಾಶಿರಾಮ ಕಲ್ಯಾಣಿ, ಹುಮನಾಬಾದ ಎರಡೂ ಪೇಟೆಗಳಲ್ಲಿ ನಡೆಸಿದ. ಇದ್ದದ್ದನ್ನು ಇದ್ದಂತೆ ಬರೆಯುವುದು. ಇಲ್ಲದ್ದನ್ನು ಬರೆಯಲೇಬೇಕಾದರೆ, ಯಾರೂ ಅದನ್ನು ಇದೆಯೆಂದು ನಂಬಲಾರದ ಹಾಗೆ ಬರೆಯುವುದು. ಕಲ್ಯಾಣಿಯಲ್ಲಿ ಒಬ್ಬ ಹಜಾಮನಿದ್ದ. ಗಿರಾಕಿಗಳನ್ನು ಕಲ್ಲಿನ ಮೇಲೆ ಕೂಡಿಸಿ ಕ್ಷೌರ ಮಾಡುತ್ತಿದ್ದವನಿಗೆ ಬೋರ್ಡಿನ ಮೇಲೆ ಹೈದರಾಬಾದಿನಲ್ಲಿರುವಂಥ ಕುರ್ಚಿ ಬೇಕಾಯಿತು. ಕಾಶಿರಾಮ ಕುರ್ಚಿ ಬರೆದ. ಕೆಂಪು ಚರ್ಮದ ಗಾದಿ, ಹಿತ್ತಾಳೆಯ ಮೊಳೆ, ತಲೆ ಆನಿಸುವ ದಿಂಬು. ಅದರ ನಾಲ್ಕೂ ಕಾಲುಗಳಿಂದ ಆಲದ ಬೇರು ಇಳಿದು ನೆಲದೊಳಗೆ ಹೋಗಿದ್ದವು. ಕೆಲವು ವರ್ಷಕ್ಕೆ ನಿಜವಾಗಿಯೂ ಕುರ್ಚಿ ಬಂದಾಗ ಕಾಶಿರಾಮ ತಾನಾಗಿ ಏಣಿ ಹೊತ್ತುಕೊಂಡು ಬಂದು ಬೇರುಗಳನ್ನೆಲ್ಲ ಅಳಿಸಿಹೋದ. ಹುಮನಾಬಾದಿನ ಚಹಾದಂಗಡಿಯ ಬೋರ್ಡಿನಲ್ಲಿ ಚಹಾದ ಬಶಿ, ಭಜಿ ಇದ್ದಂತೆ ಇದ್ದವು. ಬಿಸ್ಕೀಟುಗಳಿಗೆ ಮಾತ್ರ ಗುಬ್ಬಿಯ ರೆಕ್ಕೆ. ಅಕ್ಷರ ಬಾರದ ಹಳ್ಳಿಯ ಜನರಿಗೆ ಇದರಿಂದ ಬಹಳ ಅನುಕೂಲವಾಯಿತು. ದೂರದಿಂದಲೇ ರೆಕ್ಕೆ ನೋಡಿ, "ಬಿಸ್ಕೀಟ ಇನ್ನೂ ಬಂದಿಲ್ಲ" ಎಂದು ಮುಂದೆ ಹೋಗುತ್ತಿದ್ದರು.

ಅಂಗಡಿಕಾರರು ಮೊದಮೊದಲು ಬೈದರು. ಆಮೇಲೆ ಸುಮ್ಮನಾದರು. ಬೋರ್ಡಿನ ಕೆಳಗೆ ನಿಂತು, "ಯಾಕ್ರಿ ಇದಕ ಕಾಲು?" ಎಂದು ಕೇಳಲಿಕ್ಕೆಂದೇ ಜನ ಬರುತ್ತಿದ್ದರು. ಬಂದವರು ಒಂದು ಚಹಾ ಕುಡಿಯದೆ, ಒಂದು ಟೊಪ್ಪಿಗೆ ಕೊಳ್ಳದೆ ಹೋಗುವುದುಂಟೆ?

ಬಹಳ ವರ್ಷಗಳ ಮೇಲೆ ಒಂದು ಪತ್ರಿಕೆಯಲ್ಲಿ, ಪರದೇಶಗಳಲ್ಲಿ ಅತಿವಾಸ್ತವ ಚಿತ್ರಗಳೆಂಬವು ಇವೆಯೆಂದು ಓದಿದೆ. ನಾವು ದಿನಾ ಮುಟ್ಟುವ ಸಾಮಾನನ್ನೂ ಹುಚ್ಚು ಕನಸಿನ ಸಾಮಾನನ್ನೂ ಅಷ್ಟೇ ಶ್ರದ್ಧೆಯಿಂದ, ಒಂದೇ ಚೌಕಟ್ಟಿನಲ್ಲಿ ಬರೆಯುತ್ತಾರಂತೆ. ನೋಡುವವರು ಕೈ ಹಿಂದೆ ಕಟ್ಟಿ ನಿಂತು ಯೋಚಿಸುತ್ತಾರಂತೆ. ಆ ದಿನ ಸಂಜೆ ನಾನೂ ನಮ್ಮ ಬೋರ್ಡಿನ ಮುಂದೆ ಕೈ ಹಿಂದೆ ಕಟ್ಟಿ ನಿಂತೆ. ಹೆಂಡತಿ ಒಳಗಿನಿಂದ, "ಬೋರ್ಡ ಬೀಳಾಕತ್ತದೇನ್ರಿ?" ಎಂದಳು. ಅಷ್ಟಕ್ಕೆ ನನ್ನ ಕಲಾವಿಮರ್ಶೆ ಮುಗಿಯಿತು. ಆದರೆ ಒಂದು ಮಾತು ಹೊಳೆದದ್ದು ನಿಜ. ಅವರು ಹಾಗೆ ಬರೆಯುವುದು ನೋಡುವವನಿಗೆ ಅನುಮಾನ ಹುಟ್ಟಲಿ ಎಂದು. ನಮ್ಮ ಕಾಶಿರಾಮ ಬರೆದದ್ದು ಯಾರಿಗೂ ಅನುಮಾನ ಉಳಿಯದಿರಲಿ ಎಂದು.

ಅವನ ಬೋರ್ಡುಗಳ ಬಗ್ಗೆ ನಗುತ್ತ ಎಷ್ಟಾದರೂ ಬರೆಯಬಹುದು. ಅವನ ಮಗಳ ಚಿತ್ರದ ಬಗ್ಗೆ ಬರೆಯುವಾಗ ನಗು ಅರ್ಧಕ್ಕೇ ನಿಲ್ಲುತ್ತದೆ.

ಕಾಶಿರಾಮ ಮತ್ತು ಅವನ ಹೆಂಡತಿ ಗಯಾಬಾಯಿಗೆ ಒಬ್ಬಳೇ ಮಗಳು, ಕೇಶರಬಾಯಿ. ಚಿಕ್ಕವಳಿದ್ದಾಗ ಸಿಡುಬು ಬಂತು. ನಮ್ಮ ಕಡೆ ಅದನ್ನು ರೋಗ ಎನ್ನುತ್ತಿರಲಿಲ್ಲ, ದೇವಿ ಬಂದಾಳ ಎನ್ನುತ್ತಿದ್ದರು. ದೇವಿ ಬಂದು ಹೋಗುವಾಗ ಮಗುವಿನ ಎಡಗಣ್ಣನ್ನು ಒಯ್ದಳು. ಕಣ್ಣಿಗೆ ಹೂ ಬಿದ್ದು ಬೆಳ್ಳಗಾಯಿತು. ಕಣ್ಣು ಉಳಿಯಲೆಂದು ಗಯಾಬಾಯಿ ಊರ ಹೊರಗಿನ ಅಂಬಾಬಾಯಿಗೆ ಬೆಳ್ಳಿಯ ಕಣ್ಣು ಹರಕೆ ಹೊತ್ತಿದ್ದಳು. ಕಣ್ಣು ಉಳಿಯಲಿಲ್ಲ, ಹರಕೆ ಹೇಗೆ ಬಿಡುವುದು? ತೆಳ್ಳನೆಯ ಬೆಳ್ಳಿ ತಗಡಿನಲ್ಲಿ ಕಣ್ಣಿನ ಆಕಾರ ಕತ್ತರಿಸಿ, ನಡುವೆ ಕರಿ ಬೊಟ್ಟಿಟ್ಟು ಅಕ್ಕಸಾಲಿಗ ಮಾಡಿಕೊಟ್ಟದ್ದನ್ನು ಒಯ್ದು ಕೊಟ್ಟರು. ಪೂಜಾರಿ ಅದನ್ನು ಮೇಣದಿಂದ ದೇವಿಯ ಮುಖಕ್ಕೆ ಅಂಟಿಸಿದ. ಗುಡಿಗೆ ಹೋದಾಗಲೆಲ್ಲ ಕೇಶರಬಾಯಿ, "ಅವ್ವಾ, ನನ್ನ ಕಣ್ಣ ಆಕೀಗಿ ಛಂದ ಕಾಣಾಕತ್ತದ" ಎನ್ನುತ್ತಿದ್ದಳು.

ಬಾಯಿ ಬಹಳ ಚುರುಕು. ಅಪ್ಪನ ಬಣ್ಣ ಅರೆಯುವುದು ಅವಳ ಕೆಲಸ. ನಾನೊಮ್ಮೆ ಕಲ್ಯಾಣಿಗೆ ಹೋದಾಗ ಹೊಸ ಅಂಗಿ ತೊಟ್ಟಿದ್ದೆ. ಕಂಡವಳೇ, "ಅಣ್ಣಾ, ಬೆನ್ನಾಗಿನ ಹೊಲಿಗಿ ಬಿಟ್ಟದ" ಎಂದಳು. ಇಡೀ ಬಜಾರು ಎರಡೆರಡು ಕಣ್ಣಿಟ್ಟುಕೊಂಡು ನೋಡಿಯೂ ಹೇಳಿರಲಿಲ್ಲ. "ನಿನಗ ಹ್ಯಾಂಗ ಕಂಡಿತವ್ವಾ?" ಎಂದೆ. "ಒಂದರಾಗೇ ಇಷ್ಟ ಕಾಣ್ತದ. ಎರಡೂ ಇದ್ದಿದ್ರ ನಿಮಗ ಊರಾಗ ತಿರಗಾಕ ಕಷ್ಟ ಆಗ್ತಿತ್ತು" ಎಂದಳು.

ಇಂಥವಳಿಗೆ ಗಂಡು ಸಿಗಲೊಲ್ಲದು. ಬಂದವರು ಅವಲಕ್ಕಿ ತಿಂದು, ಚಹಾ ಕುಡಿದು, "ತಿಳಸ್ತೀವಿ" ಎಂದು ಎದ್ದುಹೋಗುತ್ತಿದ್ದರು. ತಿಳಿಸುತ್ತಿರಲಿಲ್ಲ. ಅವಳ ಓರಗೆಯವರೆಲ್ಲ ಬಾಣಂತನಕ್ಕೆ ಬಂದು ಹೋಗುತ್ತಿದ್ದರು. ಇನ್ನು ಯಾರಾದರೂ ಹೆಂಡತಿ ಸತ್ತವನಿಗೆ, ಮಕ್ಕಳನ್ನು ನೋಡಿಕೊಳ್ಳಲಿಕ್ಕೆ ಕೊಡುವುದೇ ಗತಿ ಎಂದು ಗಯಾಬಾಯಿ ಮನಸ್ಸು ಕಲ್ಲು ಮಾಡಿಕೊಳ್ಳುತ್ತಿದ್ದಾಗ ಹುಲಸೂರಿನ ಸಂಬಂಧ ಬಂತು. ಮೂವತ್ತೆಂಟನೆಯ ಇಸವಿ, ದಸರೆಗೆ ಮುಂಚೆ.

ಹುಲಸೂರಿನ ಮಾಣಿಕಪ್ಪ ಮತ್ತು ಅವನ ಹೆಂಡತಿ ಯಶೋದಾಬಾಯಿ ಬಂದು ಕೂತರು. ಮಗ ನಾಗನಾಥ ಸೊಲ್ಲಾಪುರದ ಒಂದು ಗಿರಣಿಯಲ್ಲಿ ಮಗ್ಗ ನಡೆಸುತ್ತಿದ್ದ. ಹೊಲಮನೆ ನೋಡಿಕೊಳ್ಳಲು ಅಣ್ಣಂದಿರಿದ್ದರು. ಮಾತಿನ ನಡುವೆ ಯಶೋದಾಬಾಯಿಯ ಕುಪ್ಪಸದ ತೋಳು ಹರಿದದ್ದು ಕೇಶರಬಾಯಿಗೆ ಕಂಡಿತು. ಎದ್ದುಹೋಗಿ ಸೂಜಿದಾರ ತಂದು, ಅತ್ತೆಯಾಗುವವಳ ಪಕ್ಕದಲ್ಲಿ ಕೂತು ಅಲ್ಲೇ ಹೊಲಿದುಬಿಟ್ಟಳು. ಯಶೋದಾಬಾಯಿ ತೋಳು ತಿರುಗಿಸಿ ತಿರುಗಿಸಿ ನೋಡಿ, "ನನಗ ಎರಡೂ ಕಣ್ಣ ಅವ, ಸೂಜ್ಯಾಗ ದಾರ ಹಾಕಾಕ ಬರಂಗಿಲ್ಲ. ಈ ಹುಡುಗಿ ನಮಗ ಬೇಕು" ಎಂದಳು. ಅಂದು ಅವಲಕ್ಕಿ ತಿಂದವರು ಊಟಕ್ಕೂ ನಿಂತರು.

ಹೋಗುವಾಗ ಯಶೋದಾಬಾಯಿ ಗಯಾಬಾಯಿಯನ್ನು ಒಳಗೆ ಕರೆದು ಮೆಲ್ಲಗೆ ಹೇಳಿದಳು: "ಹುಡುಗಗ ರಜಾ ಇಲ್ಲ. ಗಿರಣ್ಯಾಗಿನ ಗೆಳ್ಯಾರೆಲ್ಲ ಹೆಂಡರ ಫೋಟೋ ತೋರಸ್ತಾರಂತ, ನನಗೂ ಒಂದ ತಸ್ಬೀರ ಕಳಸು ಅಂದಾನ. ಹ್ಯಾಂಗೂ ನಿಮ್ಮ ಮನ್ಯಾಗ ಪೇಂಟರ ಇದ್ದಾರ. ಎರಡೂ ಕಣ್ಣ ಛಂದಾಗಿ ಬರೆಸಿ ಕಳಸ್ರಿ. ಮುಂದಿಂದು ನಾ ನೋಡ್ಕೊಂತೀನಿ. ಮನೀಗಿ ಬಂದ ಮ್ಯಾಲ ಆ ಕಣ್ಣ ಯಾರ ನೋಡ್ತಾರ?"

ಇಷ್ಟು ದೊಡ್ಡ ಮನಸ್ಸಿನ ಸುಳ್ಳನ್ನು ನಮ್ಮ ಅಂಗಡಿಯ ಆಯುಷ್ಯದಲ್ಲಿ ನಾವು ಯಾರೂ ಹೇಳಿರಲಿಲ್ಲ.

ಕೇಶರಬಾಯಿ ಕಿಟಕಿಯ ಬೆಳಕಿಗೆ ಕೂತಳು. ಆ ವಾರ ಅವಳು ಬಣ್ಣ ಅರೆಯುವಾಗ ಹಾಡು ಗುನುಗುತ್ತಿದ್ದಳೆಂದು ಗಯಾಬಾಯಿ ಆಮೇಲೆ ಎಷ್ಟೋ ಸಲ ಹೇಳಿ ಅತ್ತಿದ್ದಾಳೆ. ಕಾಶಿರಾಮ ದಪ್ಪ ರಟ್ಟಿಗೆ ಕಾಗದ ಅಂಟಿಸಿಕೊಂಡು ಬರೆಯತೊಡಗಿದ. ಬೈತಲೆ ಆಯಿತು, ಕಿವಿಯ ಬೆಂಡೋಲೆ ಆಯಿತು, ಮೂಗಿನ ನತ್ತು ಆಯಿತು.

"ಅಪ್ಪಾ" ಎಂದಳು ಮಗಳು, ತುಟಿ ಅಲುಗಿಸದೆ. "ಇದ್ದಂಗ ಬರಿ. ಬಿಳಿ ಇದ್ದದ್ದು ಬಿಳೀನೇ ಬರಿ. ಬ್ಯಾಡ ಅನ್ನಾಂವ ಇದ್ರ ಈಗೇ ಬ್ಯಾಡ ಅನ್ಲಿ."

ಅಡಿಗೆಮನೆಯಿಂದ ಗಯಾಬಾಯಿ ಒದರಿದಳು. "ನೀ ಬಾಯಿ ಮುಚ್ಚ! ಏನ್ರಿ, ಆಕಿ ಮಾತ ಕೇಳಬ್ಯಾಡ್ರಿ. ಫೋಟೋದ ಡಬ್ಬಿ ಇದ್ದಿದ್ರ ಅದಕ ಸುಳ್ಳ ಹೇಳಾಕ ಬರ್ತಿದ್ದಿಲ್ಲ. ನಿಮಗ ದೇವರ ಕೈ ಕೊಟ್ಟಾನ. ಒಂದ ದಿನಕ್ಕ ಆ ಮಾಲಿ ತಗದ ಗೂಟಕ್ಕ ಹಾಕಿ ಬರೀರಿ. ಬರದ ಮ್ಯಾಲ ಮತ್ತ ಹಾಕೋರಿ."

"ಮಾಲಿ ತಗದ್ರ ಕೈ ಬ್ಯಾರೆ ಆಗ್ತದೇನ?"

"ಹಂಗಾದ್ರ ಮಗಳ್ನ ಮಾಲಿಗೇ ಕಟ್ಟಿ ಮದಿವಿ ಮಾಡ್ರಿ!"

ಎಡಗಣ್ಣಿನ ಜಾಗ ಹಾಗೇ ಉಳಿಯಿತು. ಎರಡು ಒಳ್ಳೆಯ ಕಣ್ಣು ಬರೆದರೆ ಸುಳ್ಳು. ಬಿಳಿಗಣ್ಣು ಬರೆಯೋಣವೆಂದು ಕುಂಚ ಅದ್ದಿದರೆ ತಂದೆಯ ಕೈ ಏಳಲೊಲ್ಲದು. ಅಂಗಡಿಗಳ ಬೋರ್ಡಿನಲ್ಲಿ ಇಂಥ ಇಕ್ಕಟ್ಟು ಬಂದಾಗ ಅವನು ಏನು ಮಾಡುತ್ತಿದ್ದನೋ ಅದೇ ಅವನಿಗೆ ಹೊಳೆಯಿತು. ಗುಡಿಗೆ ಹೋಗಿ ಅಂಬಾಬಾಯಿಯ ಮುಂದೆ ಕೂತು ಆ ಬೆಳ್ಳಿ ಕಣ್ಣನ್ನು ಮನಸಾರೆ ನೋಡಿಬಂದ. ಬಂದು ಮಗಳ ಎಡಗಣ್ಣಿನ ಜಾಗದಲ್ಲಿ ಅದನ್ನೇ ಬರೆದ. ಬೆಳ್ಳಿಯ ಮೇಲಿನ ಗೀರು, ಅಂಚಿಗೆ ಉಬ್ಬಿ ಬಂದ ಮೇಣ, ಮೇಣಕ್ಕೆ ಹತ್ತಿದ ಕುಂಕುಮದ ಪುಡಿ, ಒಂದನ್ನೂ ಬಿಡಲಿಲ್ಲ. ಬಲಗಡೆ ಬದುಕಿದ ಹುಡುಗಿಯ ನಗುವ ಕಣ್ಣು, ಎಡಗಡೆ ತಗಡು.

ಅವನ ಲೆಕ್ಕ ಹೀಗಿತ್ತು: ಆ ಕಣ್ಣು ಮಗಳ ಹೆಸರಿನಿಂದ ಕೊಟ್ಟದ್ದು, ಅಂದರೆ ಅವಳದೇ. ಇಲ್ಲದ್ದನ್ನು ಬರೆದಂತಾಗಲಿಲ್ಲ. ಇನ್ನು ಯಾರೂ ಬೆಳ್ಳಿ ತಗಡನ್ನು ನಿಜವಾದ ಕಣ್ಣೆಂದು ನಂಬುವುದಿಲ್ಲ, ಮೋಸವೂ ಆಗಲಿಲ್ಲ. ಹುಡುಗ ನೋಡಿ, "ಇದೇನು?" ಎಂದು ಕೇಳುತ್ತಾನೆ, ಆಗ ಹೇಳಿದರಾಯಿತು. ಛತ್ರಿಯ ಕಾಲನ್ನು ಎಲ್ಲರೂ ಕೇಳುತ್ತಿರಲಿಲ್ಲವೆ? ಕೇಳುತ್ತಿದ್ದರು, ನಿಜ. ಆದರೆ ಆ ಬೋರ್ಡಿನ ಕೆಳಗೆ ಉತ್ತರ ಹೇಳಲಿಕ್ಕೆ ನಮ್ಮ ತಂದೆ ಕೂತಿರುತ್ತಿದ್ದರು. ಸೊಲ್ಲಾಪುರದಲ್ಲಿ ಯಾರು ಕೂತಿದ್ದರು?

ಹೆಂಡತಿ ಎದ್ದೇಳುವ ಮೊದಲೇ ಚಿತ್ರವನ್ನು ಬಟ್ಟೆಯಲ್ಲಿ ಹೊಲಿದು, ಹುಮನಾಬಾದಿಗೆ ಬಂದು ಮಹೆಬೂಬನ ಕೈಗೆ ಕೊಟ್ಟ. ಮಹೆಬೂಬ ನನ್ನ ಓರಗೆಯವನು. ಹುಮನಾಬಾದಿನಿಂದ ಸೊಲ್ಲಾಪುರಕ್ಕೆ ಬೆಲ್ಲ, ಬೇಳೆಯ ಲಾರಿ ಹೊಡೆಯುತ್ತಿದ್ದ. ಮುಂದೆ ನಡೆದದ್ದನ್ನು ಅವನ ಬಾಯಿಂದಲೇ ಕೇಳಿದ್ದೇನೆ.

ಸೊಲ್ಲಾಪುರದಲ್ಲಿ ಗಿರಣಿಯ ಹುಡುಗರೆಲ್ಲ ಒಂದು ಚಾಳಿನಲ್ಲಿದ್ದರು. ಮಹೆಬೂಬ ಗಂಟನ್ನು ನಾಗನಾಥನಿಗೆ ಕೊಟ್ಟು, ಮಾಲು ಇಳಿಸಲು ಹೋದ. ಅಂದು ನವರಾತ್ರಿಯ ಎರಡನೆಯದೋ ಮೂರನೆಯದೋ ದಿನ. ಆ ಚಾಳಿನವರು ಹೆಚ್ಚಿನಂಶ ತುಳಜಾಪುರದ ದೇವಿಗೆ ನಡೆದುಕೊಳ್ಳುವವರು. ಮಾಲು ಇಳಿಸಿ, ಹುಡುಗ ಏನೆಂದನೆಂದು ಕೇಳೋಣವೆಂದು ತಿರುಗಿ ಬಂದರೆ ಖೋಲಿಯ ಮುಂದೆ ಚಪ್ಪಲಿಗಳ ರಾಶಿ. ಒಳಗೆ ಲೋಬಾನದ ಹೊಗೆ. ಚಿತ್ರವನ್ನು ಗೋಡೆಗೆ ಆನಿಸಿ, ಮುಂದೆ ಘಟ ಇಟ್ಟು, ಕಾಯಿ ಒಡೆದಿದ್ದಾರೆ. ಒಬ್ಬ ಮುದುಕ ಆರತಿ ಎತ್ತುತ್ತಿದ್ದಾನೆ. ನಾಗನಾಥ ಒದ್ದೆ ಧೋತರದಲ್ಲಿ ಉದ್ದಂಡ ಬಿದ್ದಿದ್ದಾನೆ.

"ನನ್ನ ತೆಲಿ ಗಿರ್ ಅಂತು" ಎಂದ ಮಹೆಬೂಬ. "ಅರೆ ಭಾಯಿ, ಏಳ ಮ್ಯಾಲ! ಆಕಿ ನಮ್ಮ ಕಾಶಿಮಾಮಾನ ಮಗಳು, ನಿನ್ನ ಹೆಂಡತಿ ಆಗಾಕಿ ಅಂದೆ. ಮುದುಕ ನನ್ನ ಕಡಿ ಹೊಳ್ಳಿ, ಬೆಳ್ಳಿ ಕಣ್ಣ ದೇವೀಗಿ ಬಿಟ್ರ ಯಾರಿಗಿರ್ತಾವ, ನೀ ಹೇಳು ಅಂದ. ಛತ್ರೀಗಿ ಕೋಳಿಕಾಲ ಬರದಾಂವನೂ ಅವನೇ ಅಂತ ಹೇಳೋಣ ಅಂದ್ರ, ಆ ಹೊಗ್ಯಾಗ ಯಾರ ನಂಬ್ತಾರ?"

ಮಹೆಬೂಬ ನಾಗನಾಥನನ್ನು ಹೊರಗೆ ಎಳೆದು ತಂದು ಎಲ್ಲವನ್ನೂ ಬಿಡಿಸಿ ಹೇಳಿದ. ಸಿಡುಬು, ಹರಕೆ, ಮಾಲೆ, ಎಲ್ಲವನ್ನೂ. ಹುಡುಗ ಕೇಳಿದ. ಅವನಿಗೆ ತಿಳಿಯಿತು ಕೂಡ. ಆದರೆ ಹಣೆಯ ಮೇಲೆ ದೇವಿಯ ಅರಿಸಿನದ ಭಂಡಾರ ಹತ್ತಿಬಿಟ್ಟಿತ್ತು. "ಕಾಲಿಗಿ ಬಿದ್ದೀನಿ ಭಾಯಿ. ಇನ್ನ ಆಕಿ ಕೈಲೆ ನಾ ನೀರ ಹ್ಯಾಂಗ ಕೇಳ್ಲಿ?" ಎಂದ.

ಸುದ್ದಿ ಹುಲಸೂರಿಗೆ ಹೋಗಿ, ಅಲ್ಲಿಂದ ಯಶೋದಾಬಾಯಿ ಕಲ್ಯಾಣಿಗೆ ಬಂದಳು. ಹೊಸಿಲು ದಾಟಲಿಲ್ಲ. ಅಂಗಳದಲ್ಲೇ ನಿಂತು ಎದೆ ಬಡಿದುಕೊಂಡಳು.

"ಏನ ಮಾಡಿದ್ರಿ ಬೀಗರ! ಕುರ್ಡಿ ಅಂತ ಬರದಿದ್ರೂ ನಾ ಮಗನ ಕಾಲ ಹಿಡದು ಒಪ್ಪಸ್ತಿದ್ದೆ. ದೇವರ ಮಾಡಿ ಕಳಸಿದ್ರಿ. ಮಗಾ ಕಾಲ ಬಿದ್ದಾಕೀನ್ನ ಮನೀಗಿ ತಂದು ಮುಸರಿ ಹ್ಯಾಂಗ ತಿಕ್ಕಸ್ಲಿ? ನನ್ನ ಬೈಗಳ ಆಕೀಗಿ ಹ್ಯಾಂಗ ಹತ್ತಬೇಕು? ಬೈಗಳಿಲ್ಲದ ಸೊಸಿ ಸಂಸಾರ ಹ್ಯಾಂಗ ಆಗ್ತದ?"

ಗಯಾಬಾಯಿಗೆ ಆಗಲೇ ಚಿತ್ರದಲ್ಲಿ ಏನಿತ್ತೆಂದು ಗೊತ್ತಾದದ್ದು.   ಕೇಶರಬಾಯಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ಯಶೋದಾಬಾಯಿ ಹೋದ ಮೇಲೆ ಅಪ್ಪನ ಹತ್ತಿರ ಬಂದು ಕೇಳಿದಳು:

"ಅಪ್ಪಾ, ಬಿಳಿ ಬಣ್ಣ ತೀರಿತ್ತೇನ?"

ಈ ಮಾತನ್ನು ಕಾಶಿರಾಮ ನನಗೆ ಹೇಳುವಾಗ ಅವಳ ದನಿಯಲ್ಲೇ ಹೇಳಿದ. ಸಿಟ್ಟಿನ ದನಿ ಅಲ್ಲ. ಅಂಗಡಿಗೆ ಹೋಗಿ ತರಲೇ ಎಂದು ಕೇಳುವಂಥ ದನಿ.

ಆಮೇಲೆ ಕಾಶಿರಾಮ ಬಣ್ಣದ ಡಬ್ಬಿ ಹಿಡಿದುಕೊಂಡು ಸೊಲ್ಲಾಪುರಕ್ಕೆ ಹೋದ. ಮಹೆಬೂಬನ ಲಾರಿಯಲ್ಲೇ, ಬೆಲ್ಲದ ಮೇಲೆ ಕೂತು. ಅಲ್ಲೇ ಚಿತ್ರವನ್ನು ಸರಿಮಾಡುವುದು, ಬೆಳ್ಳಿ ಅಳಿಸಿ ಬಿಳಿಗಣ್ಣು ಬರೆದು, ನೋಡಪ್ಪ, ಇವಳೇ ನನ್ನ ಮಗಳು ಎಂದು ಹುಡುಗನ ಕೈಗೆ ಕೊಡುವುದು ಅವನ ಯೋಚನೆ. ಚಾಳಿನಲ್ಲಿ ಚಿತ್ರಕ್ಕೆ ಆಗಲೇ ಗೂಡು ಕಟ್ಟಿ, ಪರದೆ ಹಾಕಿದ್ದರು.

"ಇದು ನನ್ನ ಮಗಳ್ರಿ" ಎಂದ ಕಾಶಿರಾಮ.

"ಹೌದಪ್ಪ, ಪುಣ್ಯವಂತ ನೀ" ಎಂದು ಮುದುಕ ಅವನ ಕಾಲಿಗೇ ಬಿದ್ದ.

ಕುಂಚ ತೆಗೆದು ಮುಂದೆ ಹೋದವನ ಕೈಯನ್ನು ನಾಲ್ಕು ಮಂದಿ ಹಿಡಿದರು. ಹೊಡೆಯಲಿಲ್ಲ, ಬಯ್ಯಲಿಲ್ಲ. ಚಹಾ ಕುಡಿಸಿ, ಪ್ರಸಾದ ಕೊಟ್ಟು ಹೊರಗೆ ಕೂಡಿಸಿದರು.

ಅಲ್ಲಿಗೆ ನಾಗನಾಥ ಬಂದ. ಮಾತಾಡುವಾಗ ಬಲಗೈಯನ್ನು ಅಂಗಿಯ ಕೆಳಗೆ ಇಟ್ಟುಕೊಂಡಿದ್ದ. ಚಹಾದ ಬಶಿ ಹಿಡಿಯಲು ಹೊರಗೆ ತೆಗೆದಾಗ ಕಾಶಿರಾಮ ಕಂಡ. ಎರಡು ಬೆರಳಿರಲಿಲ್ಲ. ಮಗ್ಗ ತಿರುಗಿಸುವ ಚರ್ಮದ ಪಟ್ಟಾಕ್ಕೆ ಸಿಕ್ಕಿ ಹೋದವಂತೆ. ಹುಲಸೂರಿನಿಂದ ಬಂದವರು ಇದನ್ನು ಹೇಳಿರಲಿಲ್ಲ.

"ಮಾಮಾ, ಮದಿವ್ಯಾಗ ಕೈಗಿ ಕೈ ಕೊಡುವಾಗ ಇದನ್ನ ಹ್ಯಾಂಗ ಮುಚ್ಚಲಿ ಅಂತ ನನಗ ನಿದ್ದಿ ಇದ್ದಿದ್ದಿಲ್ಲ" ಎಂದ ಹುಡುಗ. "ಕಣ್ಣ ಬಿಳಿ ಬರದಿದ್ರ ನಾ ನಕ್ಕಬಿಡ್ತಿದ್ದೆ, ಮಾಮಾ. ಇಬ್ಬರೂ ಸರಿ ಅದೀವಿ ಅಂತಿದ್ದೆ."

"ಈಗರ ಅನ್ನಪ್ಪ."

ನಾಗನಾಥ ಗೂಡಿನ ಕಡೆ ನೋಡಿದ. ಆ ಹೊತ್ತಿಗೆ ಪಾಳಿ ಬಿಟ್ಟ ಹುಡುಗರು ಒಬ್ಬೊಬ್ಬರೇ ಬಂದು ಅದಕ್ಕೆ ಹಣೆ ಹಚ್ಚಿ ಒಳಗೆ ಹೋಗುತ್ತಿದ್ದರು. "ಇವರೆಲ್ಲರ ಎದುರಿಗಿ ಹ್ಯಾಂಗ ಕರಕೊಂಡ ಬರ್ಲಿ?" ಎಂದ. ಅವನ ದನಿಯಲ್ಲಿ ಹಟವಿರಲಿಲ್ಲವೆಂದು, ಹಟವಿದ್ದಿದ್ದರೆ ಮುರಿಯಬಹುದಿತ್ತೆಂದು ಕಾಶಿರಾಮ ಹೇಳುತ್ತಿದ್ದ.

ಕಲ್ಯಾಣಿಯಲ್ಲಿ ಸುದ್ದಿ ಇನ್ನೊಂದು ದಾರಿ ಹಿಡಿಯಿತು. ಶುಕ್ರವಾರ ಬಂದರೆ ಹೆಂಗಸರು ಕೂಸುಗಳನ್ನು ಎತ್ತಿಕೊಂಡು ಕೇಶರಬಾಯಿಯ ಮುಂದೆ ನಿಲ್ಲತೊಡಗಿದರು. "ಕೂಸಿನ ಮೈ ಮುಟ್ಟವ್ವಾ, ಕಣ್ಣ ನೋಡವ್ವಾ" ಎನ್ನುವರು. ಗಂಡು ನೋಡಲು ಬಾರದ ಮನೆಗೆ ಇವರೊಂದು ಸಾಲು. ಆಕೆ ಒಲೆಯ ಮುಂದಿನ ಊದುಗೊಳವಿ ಹಿಡಿದು ಹೊರಗೆ ಬಂದು, "ದೇವಿ ಒಳಗ ರೊಟ್ಟಿ ಬಡ್ಯಾಕತ್ತಾಳ. ಹಿಟ್ಟ ಕಡಿಮಿ ಅದ. ಯಾರರ ತಂದೀರೇನ?" ಎನ್ನುತ್ತಿದ್ದಳು. ಒಂದು ವರ್ಷ ಹೀಗೆ ಗದರಿಸಿದ ಮೇಲೆ ಜನ ಬರುವುದು ನಿಂತಿತು. ಅವಳ ಗುನುಗು ಅದಕ್ಕೂ ಮೊದಲೇ ನಿಂತಿತ್ತು.

ನಲವತ್ತೆರಡರಲ್ಲಿ ಅವಳನ್ನು ಮಂಠಾಳದ ಬಂಡೆಪ್ಪನಿಗೆ ಕೊಟ್ಟರು. ಮೊದಲ ಹೆಂಡತಿ ತೀರಿಹೋಗಿ ಎರಡು ಮಕ್ಕಳಿದ್ದವು. ಗಯಾಬಾಯಿ ಹೆದರಿದ್ದೇ ಆಯಿತು. ಬಂಡೆಪ್ಪ ಕೆಟ್ಟವನಲ್ಲ, ಹೊಲ, ಎತ್ತು, ತಂಬಾಕು ಬಿಟ್ಟರೆ ಬೇರೆ ಮಾತು ಬಾರದವನು. ಮಾತಿನ ಮಲ್ಲಿಯಂಥ ಹುಡುಗಿ ಮಾತಿಲ್ಲದ ಮನೆ ಸೇರಿದಳು.

ಕಾಶಿರಾಮ ಮಾಲೆ ತೆಗೆಯಲಿಲ್ಲ. ಆದರೆ ಆ ಮೇಲೆ ಅವನ ಬೋರ್ಡುಗಳಲ್ಲಿ ಕಾಲು, ರೆಕ್ಕೆ, ಬೇರು ಯಾವುದೂ ಹುಟ್ಟಲಿಲ್ಲ. ಏನು ಹೇಳಿದರೆ ಅದನ್ನು ಬರೆಯುತ್ತಿದ್ದ. ಇಲ್ಲದ ಗಡಿಯಾರ, ಇಲ್ಲದ ಗ್ರಾಮೋಫೋನು, ಎಲ್ಲ ಚೆಂದಾಗಿ ಕೂತಿರುತ್ತಿದ್ದವು. ಹಳ್ಳಿಯ ಜನ ಒಳಗೆ ಬಂದು ಕೇಳಿ, ಇಲ್ಲವೆನಿಸಿಕೊಂಡು, ಬೈದು ಹೋಗತೊಡಗಿದರು. ಪೇಟೆಗೆ ಇದೇನೂ ಹೊಸದಲ್ಲ. ಮುಖ ಮಾತ್ರ ಅವನು ಬರೆಯಲೊಲ್ಲ. ಯಾರು ಕೇಳಿದರೂ, "ಕೈ ನಡಗ್ತದ್ರಿ" ಎನ್ನುತ್ತಿದ್ದ. ಗಡಿಯಾರದ ಮುಳ್ಳು ಬರೆಯುವಾಗ ನಡುಗದ ಕೈ.

ನಲವತ್ತಾರರ ಬೇಸಿಗೆಯಲ್ಲಿ ನಾನು ಮಂಠಾಳದ ಸಂತೆಗೆ ಬಟ್ಟೆಗಂಟು ಹೇರಿಕೊಂಡು ಹೊರಟಿದ್ದೆ. ಅಂಗಡಿಯಲ್ಲಿ ಕೂತು ಮಾಡಿದ ನಷ್ಟ ಸಾಲದೆಂದು ಊರೂರಿಗೆ ಹೋಗಿ ಮಾಡುತ್ತಿದ್ದ ದಿನಗಳು. ಕಲ್ಯಾಣಿಯಲ್ಲಿ ಕಾಶಿರಾಮ ಬಂಡಿ ಹತ್ತಿದ. ಮಗಳನ್ನು ನೋಡಲಿಕ್ಕೆ.

ಕೇಶರಬಾಯಿ ನನ್ನನ್ನೂ ಊಟಕ್ಕೆ ನಿಲ್ಲಿಸಿಕೊಂಡಳು. ಮೈ ತುಂಬಿಕೊಂಡಿದ್ದಳು. ನನ್ನ ಅಂಗಿಯನ್ನು ಒಮ್ಮೆ ನೋಡಿದಳು, ಏನೂ ಅನ್ನಲಿಲ್ಲ. ಅವಳು ರೊಟ್ಟಿ ಬಡಿಯುತ್ತ ಕೂತಿದ್ದಾಗ ಬಂಡೆಪ್ಪನ ಹಿರಿಯ ಮಗಳು ಇದ್ದಲಿನ ಚೂರೊಂದನ್ನು ತಂದು ಕಾಶಿರಾಮನ ಮುಂದೆ ಹಿಡಿದು, "ಅಜ್ಜಾ, ನಮ್ಮ ಅವ್ವನ್ನ ಗ್ವಾಡಿ ಮ್ಯಾಲ ಬರಿ" ಎಂದಳು.

ಕಾಶಿರಾಮ ಮಗಳ ಕಡೆ ನೋಡಿದ. ಅವಳು ಬಡಿಯುತ್ತಿದ್ದ ರೊಟ್ಟಿಯಿಂದ ತಲೆ ಎತ್ತಲಿಲ್ಲ. "ಕೇಳಾಕತ್ತದಲ್ಲ, ಬರಿ" ಎಂದಳು.

ಅವನು ಎದ್ದ. ಬಿಳಿ ಗೋಡೆಯ ಮೇಲೆ ಇದ್ದಲು ಆಡತೊಡಗಿತು. ಸೆರಗು ಬಂತು, ಮೂಗು ಬಂತು, ಬಾಯಿಯ ಓರೆ ಬಂತು. ಬಲಗಣ್ಣು ಬಂದಾಗ ಹುಡುಗಿ ಚಪ್ಪಾಳೆ ತಟ್ಟಿತು.  ಇಷ್ಟು ವರ್ಷ ಮುಖ ಬರೆಯದ ಕೈ ಅದು. ಆಮೇಲೆ ಇದ್ದಲು ಎಡಗಣ್ಣಿನ ಜಾಗಕ್ಕೆ ಬಂತು, ನಿಂತಿತು. ಅಜ್ಜ ಹಿಂದೆ ಸರಿದು ನೋಡಿದ. ಮತ್ತೆ ಮುಂದೆ ಹೋದ. ಮತ್ತೆ ಸರಿದ.

"ಬೆಳಕ ಸಾಲದು" ಎಂದ.

ಮಟಮಟ ಮಧ್ಯಾಹ್ನ. ಬಾಗಿಲಿನಿಂದ ಬಿದ್ದ ಬಿಸಿಲಿಗೆ ನೆಲ ಕಾದಿತ್ತು.

ಕೇಶರಬಾಯಿ ಕೊನೆಯ ರೊಟ್ಟಿಯನ್ನು ಹಂಚಿನ ಮೇಲಿಂದ ತೆಗೆದಳು. "ಇರ್ಲಿ ಬಿಡಪ್ಪಾ. ಊಟಕ್ಕ ಏಳ್ರಿ" ಎಂದಳು. ಹುಡುಗಿಗೆ ಅರ್ಧ ಮುಖವೇ ಬೇಕಾದಷ್ಟಾಗಿತ್ತು. ಅದನ್ನೇ ತೋರಿಸಲು ತಮ್ಮನನ್ನು ಕರೆದುಕೊಂಡು ಬರಲು ಓಡಿತು.

ತಿರುಗಿ ಬರುವಾಗಲೂ ಕಾಶಿರಾಮ ನನ್ನ ಬಂಡಿಯಲ್ಲೇ ಬಂದ. ನನಗೆ ಸುಮ್ಮನಿರಲು ಬರುವುದಿಲ್ಲ. "ಕಾಶಿಮಾಮಾ, ಬೆಳಕ ಛಲೋ ಇತ್ತಲ್ಲ?" ಎಂದುಬಿಟ್ಟೆ.

ಅವನು ಎತ್ತುಗಳ ಬೆನ್ನು ನೋಡುತ್ತ ಕೂತಿದ್ದ.

"ಆ ಕಣ್ಣ ಹ್ಯಾಂಗದ ಅಂತ ನನಗ ಗೊತ್ತೇ ಇಲ್ರಿ" ಎಂದ. "ಎಲ್ಲಾರ ಅಂಗಡಿ ಒಳಗ ಹೋಗಿ ಏನದ, ಏನಿಲ್ಲ ಅಂತ ನೋಡಿಬರ್ತಿದ್ದೆ. ದೇವಿ ಬಂದ ಹೋದಾಗಿಂದ ಆಕಿ ಆ ಮಗ್ಗಲಕ್ಕ ನಾ ಕುಂತೇ ಇಲ್ರಿ. ಬಣ್ಣ ಅರೀಲಿ, ಊಟಾ ಮಾಡ್ಲಿ, ಯಾವಾಗ್ಲೂ ಈ ಮಗ್ಗಲಕ್ಕ ಬಂದ ಕುಂಡ್ರತಿದ್ದೆ. ಸೊಲ್ಲಾಪುರಕ್ಕ ಡಬ್ಬಿ ಹಿಡಕೊಂಡ ಹೋದೆನಲ್ಲ, ಅಂದ ಅವರ ಕೈ ಬಿಟ್ಟಿದ್ರೂ ನಾ ಏನ ಬರೀತಿದ್ದೆ?"

 ಆಗ ನೆನಪಾಯಿತು. ಅಂದು ಮಧ್ಯಾಹ್ನ ಊಟಕ್ಕೆ ಎದ್ದಾಗ ಕೇಶರಬಾಯಿ ಅಪ್ಪನ ತಾಟನ್ನು ತನ್ನ ಎಡಗಡೆ, ಗೋಡೆಯ ನೆರಳಿಗೆ ಇಟ್ಟಿದ್ದಳು. ಕಾಶಿರಾಮ ಅದನ್ನು ಎತ್ತಿಕೊಂಡು, ಒಲೆಯ ಹಿಂದಿನಿಂದ ಸುತ್ತು ಹಾಕಿ ಬಂದು, ಬಿಸಿಲು ಬೀಳುವ ಬಲಗಡೆಗೆ ಕೂತು ಉಂಡಿದ್ದ. ಅವಳು ಬಲಕ್ಕೆ ತಿರುಗಿ ಬಡಿಸಿದ್ದಳು.